ವಿದ್ಯುತ್ ಜಾಲದ ಕಾವಲುಗಾರನಿಗೆ ಕಾವಲು ಯಾರು?

ಗುಂಡಿ ಒತ್ತಿದೊಡನೆ ದೀಪ ಹೊತ್ತಿಕೊಳ್ಳುತ್ತದೆ. ಇದು ನಮಗೆ ಎಷ್ಟು ಅಭ್ಯಾಸವಾಗಿಬಿಟ್ಟಿದೆ ಎಂದರೆ, ದೀಪ ಹೊತ್ತಿಕೊಂಡಾಗ ನಾವು ಏನನ್ನೂ ಯೋಚಿಸುವುದಿಲ್ಲ. ಹೊತ್ತಿಕೊಳ್ಳದಿದ್ದಾಗ ಮಾತ್ರ ‘ಕರೆಂಟ್ ಹೋಯಿತು’ ಎಂದು ಗೊಣಗುತ್ತೇವೆ. ಮನೆಯ ಫ್ಯೂಸ್ ಹೋಗಿರಬಹುದು, ಬೀದಿಯ ಟ್ರಾನ್ಸ್‌ಫಾರ್ಮರ್ ಕೆಟ್ಟಿರಬಹುದು, ಮಳೆಗಾಳಿಗೆ ತಂತಿಯ ಮೇಲೆ ಕೊಂಬೆ ಬಿದ್ದಿರಬಹುದು. ಇವೆಲ್ಲ ನಮಗೆ ಗೊತ್ತಿರುವ ಕಾರಣಗಳೇ. ಲೈನ್‌ಮನ್ ಬಂದು ಏಣಿ ಹತ್ತಿದರೆ ಒಂದೆರಡು ಗಂಟೆಯಲ್ಲಿ ಸರಿಹೋಗುವಂಥವು.

ಆದರೆ ಕೋಟಿಗಟ್ಟಲೆ ಜನರ ಮನೆ, ಆಸ್ಪತ್ರೆ, ರೈಲು, ನೀರಿನ ಪಂಪುಗಳಿಗೆ ಒಂದೇ ಸಲಕ್ಕೆ ಕತ್ತಲು ಕವಿಯುವುದೂ ಉಂಟು. ಅಂಥ ಕತ್ತಲಿಗೆ ಒಂದು ಮರದ ಕೊಂಬೆ ಮಾತ್ರವೇ ಕಾರಣವಾಗಿರುವುದಿಲ್ಲ. ಕೊಂಬೆ ತಗುಲಿದೆ ಎಂಬ ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟದೇ ಹೋದದ್ದು ಹೆಚ್ಚಿನ ಕಾರಣವಾಗಿರುತ್ತದೆ. ಸುದ್ದಿ ಮುಟ್ಟಬೇಕಾದ ಆ ಸ್ಥಳವೇ ವಿದ್ಯುತ್ ಜಾಲದ ನಿಯಂತ್ರಣ ಕೇಂದ್ರ. ಅದು ಏನು ಮಾಡುತ್ತದೆ, ಅದರ ಕಂಪ್ಯೂಟರುಗಳು ಕೈಕೊಟ್ಟರೆ ಏನಾಗುತ್ತದೆ, ಹಾಗಾಗದಂತೆ ಎಂಜಿನಿಯರುಗಳು ಏನೇನು ಏರ್ಪಾಟು ಮಾಡುತ್ತಾರೆ ಎಂಬುದನ್ನು ಇಲ್ಲಿ ನೋಡೋಣ.

ಕ್ಷಣಕ್ಷಣದ ಲೆಕ್ಕ

ನೀರನ್ನು ತೊಟ್ಟಿಯಲ್ಲಿ ತುಂಬಿಡಬಹುದು, ಅಕ್ಕಿಯನ್ನು ಚೀಲದಲ್ಲಿ ಕಟ್ಟಿಡಬಹುದು. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಹಾಗೆ ಕೂಡಿಡಲು ಬರುವುದಿಲ್ಲ. ಬ್ಯಾಟರಿಗಳೂ, ನೀರನ್ನು ಮೇಲಕ್ಕೆತ್ತಿ ಮತ್ತೆ ಬಳಸುವ ಸ್ಥಾವರಗಳೂ ಇವೆ, ನಿಜ. ಆದರೆ ಒಟ್ಟು ಬಳಕೆಯಲ್ಲಿ ಅವುಗಳ ಪಾಲು ಬಲು ಚಿಕ್ಕದು. ಹಾಗಾಗಿ ಈ ಕ್ಷಣದಲ್ಲಿ ನಾಡಿನಲ್ಲಿ ಎಷ್ಟು ವಿದ್ಯುತ್ ಖರ್ಚಾಗುತ್ತಿದೆಯೋ ಅಷ್ಟೇ ವಿದ್ಯುತ್ ಈ ಕ್ಷಣದಲ್ಲಿಯೇ ಎಲ್ಲೋ ತಯಾರಾಗುತ್ತಿರಬೇಕು. ನೀವು ಮಿಕ್ಸಿ ಹಾಕಿದಿರೋ, ಎಲ್ಲೋ ಒಂದು ಟರ್ಬೈನಿನ ಮೇಲೆ ಅಷ್ಟು ಹೊರೆ ಹೆಚ್ಚಿತು ಎಂದೇ ಅರ್ಥ.

ಈ ಸಮತೋಲವನ್ನು ತೋರಿಸುವ ಮಾಪಕ ಆವರ್ತನ. ನಮ್ಮ ದೇಶದಲ್ಲಿ ಪರ್ಯಾಯ ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಎರಡು ಧ್ರುವಗಳ ಜನರೇಟರು ಮಿನಿಟಿಗೆ 3,000 ಸುತ್ತು ತಿರುಗಿದರೆ 50 ಹರ್ಟ್ಜ್ ಹುಟ್ಟುತ್ತದೆ. ಒಂದೇ ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಹೆಜ್ಜೆ ಕೂಡಿಸಿ ನಡೆಯಬೇಕು. ಬಳಕೆ ಹೆಚ್ಚಿತೆಂದರೆ ಏರು ಹತ್ತುವ ಗಾಡಿಯಂತೆ ಎಲ್ಲವೂ ಒಟ್ಟಿಗೇ ನಿಧಾನವಾಗುತ್ತವೆ. ಬಳಕೆ ತಗ್ಗಿತೆಂದರೆ ಇಳಿಜಾರಿನಲ್ಲಿ ಓಡಿದಂತೆ ಎಲ್ಲವೂ ಒಟ್ಟಿಗೇ ವೇಗ ಪಡೆಯುತ್ತವೆ. ಭಾರತದಲ್ಲಿ ಆವರ್ತನವನ್ನು 49.90ರಿಂದ 50.05 ಹರ್ಟ್ಜ್‌ನ ಒಳಗೆ ಇಟ್ಟುಕೊಳ್ಳಬೇಕೆಂಬುದು ನಿಯಮ.

ಈ ಲೆಕ್ಕವನ್ನು ಹಗಲೂ ರಾತ್ರಿ ನೋಡಿಕೊಳ್ಳುವವರು ಲೋಡ್ ಡೆಸ್ಪ್ಯಾಚ್ ಸೆಂಟರ್‌ಗಳ ಎಂಜಿನಿಯರುಗಳು. ಕರ್ನಾಟಕದ ರಾಜ್ಯ ಕೇಂದ್ರ ಬೆಂಗಳೂರಿನಲ್ಲಿದೆ. ದಕ್ಷಿಣದ ರಾಜ್ಯಗಳನ್ನು ನೋಡಿಕೊಳ್ಳುವ ಪ್ರಾದೇಶಿಕ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಇವಕ್ಕೆಲ್ಲ ಮೇಲಿನದು ದೆಹಲಿಯ ರಾಷ್ಟ್ರೀಯ ಕೇಂದ್ರ. ಶರಾವತಿಯ ಜಲವಿದ್ಯುತ್, ರಾಯಚೂರಿನ ಶಾಖೋತ್ಪನ್ನ ವಿದ್ಯುತ್, ಪಾವಗಡದ ಸೌರ ವಿದ್ಯುತ್, ಇವುಗಳಲ್ಲಿ ಯಾವುದನ್ನು ಯಾವ ಗಳಿಗೆಗೆ ಎಷ್ಟು ತೆಗೆದುಕೊಳ್ಳಬೇಕು, ಯಾವ ಪ್ರಸರಣ ಮಾರ್ಗವನ್ನು ದುರಸ್ತಿಗೆ ಬಿಡಬಹುದು ಎಂಬ ತೀರ್ಮಾನಗಳು ಇಂಥ ಕೊಠಡಿಗಳಲ್ಲಿ ಆಗುತ್ತವೆ.

ಎಂಜಿನಿಯರು ಕುಳಿತಿರುವುದು ಬೆಂಗಳೂರಿನಲ್ಲಿ, ಲೈನು ಇರುವುದು ನೂರಾರು ಕಿಲೋಮೀಟರು ದೂರದಲ್ಲಿ. ಹಾಗಾದರೆ ಅವರಿಗೆ ಕಾಣುವುದು ಹೇಗೆ? ಪ್ರತಿಯೊಂದು ದೊಡ್ಡ ಸಬ್‌ಸ್ಟೇಷನ್ನಿನಲ್ಲೂ ಒಂದು ಉಪಕರಣವಿರುತ್ತದೆ. ಅದು ವೋಲ್ಟೇಜ್, ಕರೆಂಟ್, ಸರ್ಕ್ಯೂಟ್ ಬ್ರೇಕರ್ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನೆಲ್ಲ ಕೆಲವೇ ಸೆಕೆಂಡುಗಳಿಗೊಮ್ಮೆ ಕೇಂದ್ರಕ್ಕೆ ಕಳಿಸುತ್ತದೆ. ಈ ಇಡೀ ಏರ್ಪಾಟಿಗೆ ‘ಸ್ಕಾಡಾ’ ಎಂದು ಹೆಸರು. ಬಂದ ಸಾವಿರಾರು ಸಂಖ್ಯೆಗಳನ್ನು ಕಂಪ್ಯೂಟರ್ ಜೋಡಿಸಿ ಗೋಡೆಯಗಲದ ಪರದೆಯ ಮೇಲೆ ನಕ್ಷೆಯಾಗಿ ತೋರಿಸುತ್ತದೆ. ಏನಾದರೂ ಮಿತಿ ಮೀರಿದರೆ ಗಂಟೆ ಬಾರಿಸಿ ಪಟ್ಟಿಯಲ್ಲಿ ಬರೆಯುತ್ತದೆ. ಅಷ್ಟೊಂದು ಸಂಖ್ಯೆಗಳನ್ನು ಮನುಷ್ಯ ಒಂದೊಂದಾಗಿ ನೋಡಲು ಸಾಧ್ಯವೇ ಇಲ್ಲ. ಆದ್ದರಿಂದ ಅವನು ಆ ಗಂಟೆಯನ್ನು ನಂಬಿರುತ್ತಾನೆ. ಗಂಟೆಯೇ ಮೂಕವಾದರೆ?

ಒಹಾಯೊದ ಒಂದು ಮಧ್ಯಾಹ್ನ

ಈ ಪ್ರಶ್ನೆಗೆ ಲೋಕವೆಲ್ಲ ಅಧ್ಯಯನ ಮಾಡಿದ ಉತ್ತರ ಅಮೆರಿಕದ ಒಹಾಯೊ ರಾಜ್ಯದಲ್ಲಿದೆ. ಅಲ್ಲಿ ಕ್ಲೀವ್‌ಲೆಂಡ್ ಮತ್ತು ಅಕ್ರನ್ ನಗರಗಳ ಸುತ್ತಲಿನ ಜಾಲವನ್ನು ನೋಡಿಕೊಳ್ಳುತ್ತಿದ್ದುದು ಫಸ್ಟ್‌ಎನರ್ಜಿ ಎಂಬ ಕಂಪನಿ. 2003ರ ಆಗಸ್ಟ್ 14, ಗುರುವಾರ. ಮಧ್ಯಾಹ್ನ 2 ಗಂಟೆ 14 ನಿಮಿಷಕ್ಕೆ ಆ ಕಂಪನಿಯ ನಿಯಂತ್ರಣ ಕೇಂದ್ರದ ಕಂಪ್ಯೂಟರಿನಲ್ಲಿ ಎಚ್ಚರಿಕೆ ನೀಡುವ ತಂತ್ರಾಂಶ ಸ್ತಬ್ಧವಾಯಿತು. ಪರದೆಗಳು ಆರಲಿಲ್ಲ. ನಕ್ಷೆ ಮಾಯವಾಗಲಿಲ್ಲ. ಹೊಸ ಎಚ್ಚರಿಕೆಗಳು ಬರುವುದು ನಿಂತಿತು, ಅಷ್ಟೆ. ಕೊಠಡಿಯಲ್ಲಿದ್ದವರಿಗೆ ಅದೊಂದು ಶಾಂತವಾದ ಮಧ್ಯಾಹ್ನದಂತೆ ಕಂಡಿತು.

2 ಗಂಟೆ 27 ನಿಮಿಷಕ್ಕೆ 345 ಕಿಲೋವೋಲ್ಟಿನ ಒಂದು ಲೈನು ಟ್ರಿಪ್ ಆಗಿ ತಾನಾಗಿಯೇ ಮತ್ತೆ ಕೂಡಿಕೊಂಡಿತು. ಐದು ನಿಮಿಷದ ನಂತರ ನೆರೆಯ ಕಂಪನಿಯವರು ಫೋನ್ ಮಾಡಿ ಈ ಬಗ್ಗೆ ವಿಚಾರಿಸಿದರು. ಆದರೆ ಇವರ ಪಟ್ಟಿಯಲ್ಲಿ ಅಂಥ ಘಟನೆಯೇ ದಾಖಲಾಗಿರಲಿಲ್ಲ. ಫೋನಿನ ಮಾತಿಗಿಂತ ಪರದೆಯ ಮೌನವೇ ಹೆಚ್ಚು ನಂಬಿಕೆಗೆ ಪಾತ್ರವಾಯಿತು.

2.41ಕ್ಕೆ ಎಚ್ಚರಿಕೆಯ ಕೆಲಸ ನಡೆಸುತ್ತಿದ್ದ ಮುಖ್ಯ ಸರ್ವರ್ ಕುಸಿಯಿತು. ಇಂಥ ಸಂದರ್ಭಕ್ಕೆಂದೇ ಇಟ್ಟಿದ್ದ ಬದಲಿ ಸರ್ವರ್ ಕೂಡಲೇ ಕೆಲಸ ವಹಿಸಿಕೊಂಡಿತು. 2.54ಕ್ಕೆ ಅದೂ ಕುಸಿಯಿತು. ಸಾಮಾನ್ಯವಾಗಿ ಒಂದರಿಂದ ಮೂರು ಸೆಕೆಂಡಿನಲ್ಲಿ ಬದಲಾಗುತ್ತಿದ್ದ ಪರದೆಯ ಚಿತ್ರ ಬದಲಾಗಲು 59 ಸೆಕೆಂಡಿನವರೆಗೂ ಹಿಡಿಯತೊಡಗಿತು. ಸರ್ವರ್ ನಿಂತ ಸುದ್ದಿ ಕಂಪ್ಯೂಟರ್ ವಿಭಾಗದವರಿಗೆ ತಾನಾಗಿಯೇ ಹೋಯಿತು. ಅವರು ಬಂದು 3.08ರ ಹೊತ್ತಿಗೆ ಯಂತ್ರವನ್ನು ಮತ್ತೆ ಚಾಲೂ ಮಾಡಿದರು. ಯಂತ್ರ ಓಡುತ್ತಿದೆಯೇ ಎಂದು ನೋಡಿದರು, ಓಡುತ್ತಿತ್ತು. ಪಕ್ಕದ ಕೊಠಡಿಗೆ ಹೋಗಿ ‘ನಿಮಗೆ ಎಚ್ಚರಿಕೆಗಳು ಬರುತ್ತಿವೆಯೇ?’ ಎಂದು ಮಾತ್ರ ಯಾರೂ ಕೇಳಲಿಲ್ಲ. ಬರುತ್ತಿರಲಿಲ್ಲ.

ಈ ನಡುವೆ ಹೊರಗೆ ಏನಾಗುತ್ತಿತ್ತು? ಬೇಸಿಗೆಯ ಮಧ್ಯಾಹ್ನ, ಹವಾನಿಯಂತ್ರಕಗಳ ಬಳಕೆ ಜೋರು. ಕ್ಲೀವ್‌ಲೆಂಡ್ ಬಳಿಯ ಒಂದು ದೊಡ್ಡ ಉತ್ಪಾದನಾ ಘಟಕ 1.31ಕ್ಕೇ ನಿಂತುಹೋಗಿತ್ತು. ದೂರದಿಂದ ಹೆಚ್ಚು ವಿದ್ಯುತ್ ತರಬೇಕಾದ ಲೈನುಗಳು ಬಿಸಿಯೇರಿದವು. ಬಿಸಿಯಾದ ಲೋಹ ಹಿಗ್ಗುತ್ತದೆ, ಹಿಗ್ಗಿದ ತಂತಿ ಜೋತು ಬೀಳುತ್ತದೆ. ಕೆಳಗೆ ಸಕಾಲದಲ್ಲಿ ಕತ್ತರಿಸದೇ ಬಿಟ್ಟಿದ್ದ ಮರಗಳಿದ್ದವು. 3.05ಕ್ಕೆ ಒಂದು 345 ಕಿಲೋವೋಲ್ಟ್ ಲೈನು ಮರಕ್ಕೆ ತಾಗಿ ಟ್ರಿಪ್ ಆಯಿತು. ಆಗ ಅದರ ಮೇಲಿದ್ದ ಹೊರೆ ಅದರ ಸಾಮರ್ಥ್ಯದ ಶೇಕಡಾ 44 ಮಾತ್ರ! ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬಿತ್ತು. 3.32ಕ್ಕೆ ಎರಡನೆಯದು, 3.41ಕ್ಕೆ ಮೂರನೆಯದು. ಒಂದಕ್ಕೂ ಗಂಟೆ ಬಾರಿಸಲಿಲ್ಲ.

ಆದರೆ ಫೋನುಗಳು ಬಾರಿಸುತ್ತಲೇ ಇದ್ದವು. ನೆರೆಯ ಕೇಂದ್ರಗಳಿಂದ ಕರೆ ಬಂತು. ಒಂದು ಅಣುವಿದ್ಯುತ್ ಸ್ಥಾವರದಿಂದ, ವೋಲ್ಟೇಜ್ ಏರಿಳಿಯುತ್ತಿದೆ ಎಂದು ಕರೆ ಬಂತು. ಎಚ್ಚರಿಕೆ ವ್ಯವಸ್ಥೆಯೇ ಕೆಟ್ಟಿದೆ ಎಂಬುದು ಕೊಠಡಿಯವರಿಗೆ ಮನದಟ್ಟಾದಾಗ ಗಂಟೆ 3.42 ಆಗಿತ್ತು. ಅಂದರೆ ಸುಮಾರು ಒಂದೂವರೆ ಗಂಟೆಯ ಕಾಲ ಅವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಾಡಿ ಓಡಿಸಿದ್ದರು, ಬಟ್ಟೆ ಕಟ್ಟಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅವರ ಮೇಲೆ ನಿಗಾ ಇಡಬೇಕಿದ್ದ ಪ್ರಾದೇಶಿಕ ಕೇಂದ್ರವಾದರೂ ನೋಡಬಹುದಿತ್ತಲ್ಲ? ಅಲ್ಲಿಯೂ ಅದೇ ದಿನ ಇನ್ನೊಂದು ಎಡವಟ್ಟಾಗಿತ್ತು. ಜಾಲದ ನಿಜಸ್ಥಿತಿಯನ್ನು ಲೆಕ್ಕ ಹಾಕುವ ಕಾರ್ಯಕ್ರಮಕ್ಕೆ ಬೇರೊಂದು ಲೈನಿನ ಮಾಹಿತಿ ತಪ್ಪಾಗಿ ಸಿಕ್ಕಿ ಉತ್ತರ ಹೊಂದುತ್ತಿರಲಿಲ್ಲ. ಅದನ್ನು ಸರಿಪಡಿಸಲು ವಿಶ್ಲೇಷಕರೊಬ್ಬರು, ಐದು ನಿಮಿಷಕ್ಕೊಮ್ಮೆ ತಾನಾಗಿಯೇ ಓಡುತ್ತಿದ್ದ ಕಾರ್ಯಕ್ರಮವನ್ನು ನಿಲ್ಲಿಸಿಕೊಂಡರು. ಸರಿಪಡಿಸಿದರು. ಅದನ್ನು ಮತ್ತೆ ತಾನಾಗಿ ಓಡುವಂತೆ ಮಾಡಲು ಮರೆತು ಊಟಕ್ಕೆ ಹೋದರು.

ಸಂಜೆ 4 ಗಂಟೆ 5 ನಿಮಿಷ 57 ಸೆಕೆಂಡಿಗೆ ಇನ್ನೊಂದು ಮುಖ್ಯ ಲೈನು ಟ್ರಿಪ್ ಆಯಿತು. ಅಲ್ಲಿಂದ ಮುಂದೆ ಮನುಷ್ಯರ ಕೈಯಲ್ಲಿ ಏನೂ ಉಳಿಯಲಿಲ್ಲ. 4.13ರ ಹೊತ್ತಿಗೆ ಅಮೆರಿಕದ ಎಂಟು ರಾಜ್ಯಗಳ ಮತ್ತು ಕೆನಡಾದ ಒಂಟಾರಿಯೊ ಪ್ರಾಂತ್ಯದ ಸುಮಾರು 5 ಕೋಟಿ ಜನರಿದ್ದ ಪ್ರದೇಶ ಕತ್ತಲಲ್ಲಿತ್ತು. 265 ವಿದ್ಯುತ್ ಸ್ಥಾವರಗಳ 508 ಘಟಕಗಳು ನಿಂತಿದ್ದವು. 61,800 ಮೆಗಾವಾಟ್ ಹೊರೆ ಕಳಚಿತ್ತು. ನ್ಯೂಯಾರ್ಕಿನ ಸುರಂಗ ರೈಲುಗಳು ನಡುದಾರಿಯಲ್ಲಿ ನಿಂತವು. ಕ್ಲೀವ್‌ಲೆಂಡಿನಲ್ಲಿ ಪಂಪುಗಳು ನಿಂತು ಕುಡಿಯುವ ನೀರಿಗೆ ತತ್ವಾರವಾಯಿತು. ಕೆಲವು ಕಡೆ ವಿದ್ಯುತ್ ಮರಳಲು ನಾಲ್ಕು ದಿನ ಬೇಕಾಯಿತು.

ಅಮೆರಿಕ ಮತ್ತು ಕೆನಡಾ ಸರಕಾರಗಳ ಜಂಟಿ ತನಿಖಾ ತಂಡ 2004ರ ಏಪ್ರಿಲ್‌ನಲ್ಲಿ ಅಂತಿಮ ವರದಿ ನೀಡಿತು. ಅದರಲ್ಲಿನ ಒಂದು ಲೆಕ್ಕ ಗಮನಿಸಬೇಕಾದದ್ದು. ಆ ಕೊನೆಯ ಲೈನು ಹೋಗುವ ಮೊದಲು ಕ್ಲೀವ್‌ಲೆಂಡ್-ಅಕ್ರನ್ ಭಾಗದಲ್ಲಿ ಸುಮಾರು 1,500 ಮೆಗಾವಾಟಿನಷ್ಟು ಹೊರೆಯನ್ನು ಬೇಕೆಂದೇ ಕಡಿತ ಮಾಡಿದ್ದರೆ ಈ ಮಹಾ ಕುಸಿತವನ್ನು ತಡೆಯಬಹುದಿತ್ತು. ಕಡಿತ ಮಾಡಬೇಕೆಂದು ತೀರ್ಮಾನಿಸಬೇಕಾದವರಿಗೆ ಅದರ ಅಗತ್ಯವಿದೆ ಎಂದೇ ತಿಳಿದಿರಲಿಲ್ಲ.

ಕೂಗದ ಕುಕ್ಕರ್

ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು ಹದಿನೈದು ನಿಮಿಷವಾದರೂ ಅದು ಕೂಗಲಿಲ್ಲ ಎಂದುಕೊಳ್ಳಿ. ಏನೆಂದು ತಿಳಿಯಬೇಕು? ಗ್ಯಾಸ್ ಮುಗಿದಿರಬಹುದು. ಗ್ಯಾಸ್ಕೆಟ್ ಸಡಿಲವಾಗಿ ಆವಿ ಪಕ್ಕದಿಂದ ಸೋರುತ್ತಿರಬಹುದು. ಅಥವಾ ಬೇಳೆಯ ಚೂರು ಸಿಕ್ಕಿ ವಿಷಲ್‌ನ ರಂಧ್ರವೇ ಕಟ್ಟಿಕೊಂಡು ಒಳಗೆ ಒತ್ತಡ ಅಪಾಯಕರವಾಗಿ ಏರುತ್ತಿರಬಹುದು. ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ. ಮನೆಯ ಅನುಭವಸ್ಥರು ‘ಇಷ್ಟು ಹೊತ್ತಿಗೆ ಕೂಗಬೇಕಿತ್ತಲ್ಲ?’ ಎಂದು ಅನುಮಾನಪಟ್ಟು ಒಲೆ ಆರಿಸುತ್ತಾರೆ. ಮೌನವನ್ನು ಅವರು ಕ್ಷೇಮ ಸಮಾಚಾರವೆಂದು ಓದುವುದಿಲ್ಲ.

ನಿಯಂತ್ರಣ ಕೇಂದ್ರದ ಕಂಪ್ಯೂಟರುಗಳ ವಿಶ್ವಾಸಾರ್ಹತೆಯ ಮೊದಲ ಪಾಠ ಇದೇ. ಯಂತ್ರ ಕೆಡುವುದು ಸಹಜ. ಕೆಟ್ಟಿದೆ ಎಂದು ತಿಳಿದರೆ ಎಂಜಿನಿಯರು ಬೇರೆ ದಾರಿ ಹುಡುಕುತ್ತಾನೆ. ಸಬ್‌ಸ್ಟೇಷನ್ನಿಗೆ ಆಳು ಕಳಿಸುತ್ತಾನೆ, ನೆರೆಯವರನ್ನು ಕೇಳುತ್ತಾನೆ, ಹೊರೆ ತಗ್ಗಿಸಿ ಜಾಲವನ್ನು ಜೋಪಾನದ ಸ್ಥಿತಿಯಲ್ಲಿಡುತ್ತಾನೆ. ಸದ್ದಿಲ್ಲದೆ ಕೆಟ್ಟು, ಸರಿಯಾಗಿರುವಂತೆ ಕಾಣುವ ಯಂತ್ರದೆದುರು ಅವನಿಗೆ ಯಾವ ಉಪಾಯವೂ ಹೊಳೆಯುವುದಿಲ್ಲ.

ಒಂದಕ್ಕೆರಡು ಇದ್ದರೆ ಸಾಕೆ?

ಸಾಮಾನ್ಯವಾಗಿ ಎಲ್ಲರೂ ಹೇಳುವ ಪರಿಹಾರ ಒಂದಕ್ಕೆರಡು ಯಂತ್ರ ಇಡುವುದು. ಗಣಿತ ಇದನ್ನು ಬೆಂಬಲಿಸುತ್ತದೆ. ಒಂದು ಸರ್ವರ್ ವರ್ಷದಲ್ಲಿ ಶೇಕಡಾ 99ರಷ್ಟು ಕಾಲ ಸರಿಯಾಗಿರುತ್ತದೆ ಎನ್ನೋಣ. ವರ್ಷಕ್ಕೆ 8,760 ಗಂಟೆ. ಅದರಲ್ಲಿ ಶೇಕಡಾ ಒಂದು ಎಂದರೆ 87.6 ಗಂಟೆ, ಅಂದರೆ ಮೂರೂವರೆ ದಿನಕ್ಕೂ ಹೆಚ್ಚು. ಇಷ್ಟು ಹೊತ್ತು ಜಾಲ ಕುರುಡಾಗಿರಲು ಸಾಧ್ಯವಿಲ್ಲ. ಅಂಥದೇ ಇನ್ನೊಂದು ಸರ್ವರ್ ಜೊತೆಗಿಟ್ಟರೆ ಎರಡೂ ಒಟ್ಟಿಗೆ ಕೆಟ್ಟಿರುವ ಸಂಭವ ನೂರರಲ್ಲಿ ಒಂದರ ನೂರರಲ್ಲಿ ಒಂದು, ಅಂದರೆ ಹತ್ತು ಸಾವಿರದಲ್ಲಿ ಒಂದು. ವರ್ಷಕ್ಕೆ ಸುಮಾರು 53 ನಿಮಿಷ. ಮೂರೂವರೆ ದಿನ ಎಲ್ಲಿ, 53 ನಿಮಿಷ ಎಲ್ಲಿ!

ಆದರೆ ಈ ಗುಣಾಕಾರಕ್ಕೆ ಒಂದು ಷರತ್ತು ಇದೆ. ಎರಡೂ ಯಂತ್ರಗಳು ಸ್ವತಂತ್ರವಾಗಿ ಕೆಡಬೇಕು. ಪಿಯುಸಿ ವಿದ್ಯಾರ್ಥಿಗಳು ಸಂಭವನೀಯತೆಯ ಪಾಠದಲ್ಲಿ ‘ಸ್ವತಂತ್ರ ಘಟನೆಗಳು’ ಎಂದು ಕಲಿಯುವುದು ಇದನ್ನೇ. ಒಹಾಯೊದಲ್ಲಿ ಆ ಷರತ್ತು ಮುರಿದಿತ್ತು. ಮುಖ್ಯ ಸರ್ವರಿನಲ್ಲಿದ್ದ ತಂತ್ರಾಂಶವೇ ಬದಲಿಯಲ್ಲೂ ಇತ್ತು. ಸಿಕ್ಕಿಬಿದ್ದಿದ್ದ ಎಚ್ಚರಿಕೆಯ ಕೆಲಸ ಸಿಕ್ಕಿಬಿದ್ದ ಸ್ಥಿತಿಯಲ್ಲೇ ಅದಕ್ಕೆ ವರ್ಗವಾಯಿತು. ಒಂದೇ ರೋಗ ಇಬ್ಬರಿಗೂ ತಗುಲಿತು. ಹದಿಮೂರೇ ನಿಮಿಷದಲ್ಲಿ ಬದಲಿಯೂ ಮಲಗಿತು. ಒಂದೇ ಗದ್ದೆಗೆ ಒಂದೇ ತಳಿ ಬಿತ್ತಿದ ರೈತನಿಗೆ ಈ ಅಪಾಯ ಚೆನ್ನಾಗಿ ಗೊತ್ತು.

ಮೂಲದೋಷವನ್ನು ಪತ್ತೆಹಚ್ಚಲು ತಜ್ಞರಿಗೆ ಲಕ್ಷಾಂತರ ಸಾಲುಗಳ ತಂತ್ರಾಂಶವನ್ನು ಜಾಲಾಡುತ್ತ ವಾರಗಳೇ ಹಿಡಿದವು. ಎರಡು ಕಾರ್ಯಕ್ರಮಗಳು ಒಂದೇ ಮಾಹಿತಿಯ ಜಾಗದಲ್ಲಿ ಒಂದೇ ಕ್ಷಣದಲ್ಲಿ ಬರೆಯಲು ಹೋಗಿ ಅಲ್ಲಿದ್ದ ಮಾಹಿತಿ ಕಲಸಿಹೋಗಿತ್ತು. ಇಬ್ಬರು ಗುಮಾಸ್ತರು ಒಂದೇ ಲೆಡ್ಜರಿನ ಒಂದೇ ಸಾಲಿನಲ್ಲಿ ಒಟ್ಟಿಗೆ ಬರೆದಂತೆ. ಕಲಸಿದ ಮಾಹಿತಿಯನ್ನು ಓದಲು ಹೊರಟ ಎಚ್ಚರಿಕೆಯ ಕಾರ್ಯಕ್ರಮ ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತತೊಡಗಿತು. ವರ್ಷಗಟ್ಟಲೆ ಚೆನ್ನಾಗಿ ನಡೆದ ತಂತ್ರಾಂಶದಲ್ಲೂ ಇಂಥ ದೋಷ ಅಡಗಿರಬಹುದು. ಪರೀಕ್ಷೆಯಲ್ಲಿ ಅದು ಸಿಗುವುದು ಬಹಳ ಕಷ್ಟ.

ನಾಡಿ ಹಿಡಿಯುವ ಉಪಾಯ

ಹಾಗಾದರೆ ಪರಿಹಾರವೇನು? ಗೋಡೆ ಗಡಿಯಾರವನ್ನು ನೋಡಿ. ಅದು ನಿಂತಿದೆಯೋ ನಡೆಯುತ್ತಿದೆಯೋ ಎಂಬುದನ್ನು ಗಂಟೆಯ ಮುಳ್ಳಿನಿಂದ ಹೇಳಲಾಗದು. ಸೆಕೆಂಡಿನ ಮುಳ್ಳು ಅಲುಗುತ್ತಿದೆಯೇ ಎಂದು ನೋಡುತ್ತೇವೆ. ಎಂಜಿನಿಯರುಗಳು ಇದೇ ಉಪಾಯವನ್ನು ‘ಹೃದಯ ಬಡಿತ’ ಎಂಬ ಹೆಸರಿನಲ್ಲಿ ಬಳಸುತ್ತಾರೆ. ಪ್ರತಿ ಮುಖ್ಯ ಕಾರ್ಯಕ್ರಮವೂ ಕೆಲವು ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂಬ ಚಿಕ್ಕ ಸಂದೇಶ ಕಳಿಸಬೇಕು. ಸಂದೇಶ ನಿಂತರೆ ಇನ್ನೊಂದು ಬೇರೆಯೇ ಸಾಧನ ಗಂಟೆ ಬಾರಿಸುತ್ತದೆ. ಇದರಲ್ಲಿ ಸುದ್ದಿಯಿಲ್ಲದಿರುವುದೇ ಕೆಟ್ಟ ಸುದ್ದಿ. ಇನ್ನೂ ಒಳ್ಳೆಯ ಕ್ರಮವೆಂದರೆ ಆಗಾಗ ಒಂದು ಸುಳ್ಳು ದೋಷವನ್ನು ಒಂದು ತುದಿಯಿಂದ ಒಳಗೆ ಬಿಟ್ಟು, ಇನ್ನೊಂದು ತುದಿಯಲ್ಲಿ, ಅಂದರೆ ಎಂಜಿನಿಯರಿನ ಪರದೆಯಲ್ಲಿ ಅದು ಕಾಣಿಸಿತೇ ಎಂದು ನೋಡುವುದು. ಯಂತ್ರ ಓಡುತ್ತಿದೆ ಎಂಬುದು ಬೇರೆ, ಕೆಲಸ ಆಗುತ್ತಿದೆ ಎಂಬುದು ಬೇರೆ.

ಎರಡನೆಯ ಉಪಾಯ ಪ್ರತಿ ಸಂಖ್ಯೆಗೂ ಸಮಯದ ಮುದ್ರೆ ಹಾಕುವುದು. ಪರದೆಯಲ್ಲಿ 398 ಕಿಲೋವೋಲ್ಟ್ ಎಂದು ಕಂಡರೆ ಅದು ಈಗಿನದೋ ಹತ್ತು ನಿಮಿಷ ಹಿಂದಿನದೋ? ಹಳತಾದ ಸಂಖ್ಯೆ ಬೇರೆ ಬಣ್ಣದಲ್ಲಿ ಕಾಣುವಂತೆ ಮಾಡುತ್ತಾರೆ. ಉಪಗ್ರಹದ ಗಡಿಯಾರಕ್ಕೆ ಹೊಂದಿಸಿಕೊಂಡು ಸೆಕೆಂಡಿಗೆ 25 ಸಲ ಅಳೆದು ಕಳಿಸಬಲ್ಲ ಮಾಪಕಗಳೂ ಭಾರತದ ಜಾಲದಲ್ಲಿ ಬಳಕೆಗೆ ಬಂದಿವೆ.

ಮೂರನೆಯದು ತಾಳೆ ನೋಡುವುದು. ಒಂದು ಸಬ್‌ಸ್ಟೇಷನ್ನಿಗೆ ಒಳಬಂದ ವಿದ್ಯುತ್ತಿಗೂ ಹೊರಹೋದ ವಿದ್ಯುತ್ತಿಗೂ ಲೆಕ್ಕ ಕೂಡಬೇಕು. ಕಿರ್ಕಾಫ್‌ನ ನಿಯಮ ಓದಿದವರಿಗೆ ಇದು ಹೊಸದಲ್ಲ. ಕೂಡದಿದ್ದರೆ ಯಾವುದೋ ಮಾಪಕ ಸುಳ್ಳು ಹೇಳುತ್ತಿದೆ. ಇಡೀ ಜಾಲಕ್ಕೆ ಹೀಗೆ ತಾಳೆ ನೋಡಿ, ಸುಳ್ಳು ಮಾಪಕವನ್ನು ಗುರುತಿಸಿ, ‘ಈಗ ಇಂಥ ಲೈನು ಹೋದರೆ ಉಳಿದವು ತಾಳುತ್ತವೆಯೇ?’ ಎಂದು ಮುಂಚಿತವಾಗಿ ಲೆಕ್ಕ ಹಾಕುವ ಕಾರ್ಯಕ್ರಮಗಳಿವೆ. ಆ ಪ್ರಾದೇಶಿಕ ಕೇಂದ್ರದಲ್ಲಿ ಅಂದು ನಿಂತುಹೋಗಿದ್ದುದು ಇಂಥದೇ ಕಾರ್ಯಕ್ರಮ.

ನಾಲ್ಕನೆಯದು ಕೇಂದ್ರದ ಸ್ವಂತ ಆಸರೆಗಳು. ಕತ್ತಲಾದಾಗ ಬೆಳಕು ತರಬೇಕಾದ ಕೇಂದ್ರಕ್ಕೇ ವಿದ್ಯುತ್ ಇಲ್ಲದಂತಾದರೆ ನಗೆಪಾಟಲು. ಅದಕ್ಕೆ ಬ್ಯಾಟರಿಗಳು, ಡೀಸೆಲ್ ಜನರೇಟರುಗಳು, ಎರಡು ಬೇರೆ ಬೇರೆ ದಾರಿಗಳಲ್ಲಿ ಬರುವ ಸಂಪರ್ಕ ತಂತುಗಳು, ಬೆಂಕಿಯೋ ನೆರೆಯೋ ಬಂದರೆ ಬೇರೊಂದು ಸ್ಥಳದಿಂದ ಕೆಲಸ ಮುಂದುವರಿಸಲು ಬದಲಿ ಕೇಂದ್ರ. ಇಟ್ಟರೆ ಸಾಲದು, ಆಗಾಗ ನಿಜವಾಗಿಯೂ ಅವುಗಳ ಮೇಲೆ ಹೊರೆ ಹಾಕಿ ನಡೆಸಿ ನೋಡಬೇಕು. ಮದುವೆಯ ದಿನವೇ ಮೊದಲ ಬಾರಿಗೆ ಜನರೇಟರಿನ ಹಗ್ಗ ಎಳೆಯುವವನ ಪಾಡು ಎಲ್ಲರಿಗೂ ಗೊತ್ತು.

ಐದನೆಯದು ಈಚಿನ ಚಿಂತೆ, ಕಂಪ್ಯೂಟರ್ ದಾಳಿ. 2015ರ ಡಿಸೆಂಬರ್ 23ರಂದು ಉಕ್ರೇನ್ ದೇಶದ ಮೂರು ವಿದ್ಯುತ್ ವಿತರಣಾ ಕಂಪನಿಗಳ ಕಂಪ್ಯೂಟರುಗಳಿಗೆ ಹೊರಗಿನವರು ನುಗ್ಗಿ ಸರ್ಕ್ಯೂಟ್ ಬ್ರೇಕರುಗಳನ್ನು ತೆರೆದರು. ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ ಹೋಯಿತು. ದೂರು ಹೇಳುವ ಫೋನುಗಳಿಗೆ ಸುಳ್ಳು ಕರೆಗಳನ್ನು ಸುರಿದು, ಯಾರಿಗೂ ಏನೂ ತಿಳಿಯದಂತೆ ಮಾಡಲಾಗಿತ್ತು. ಅಲ್ಲಿನ ಕೆಲಸಗಾರರು ಸಬ್‌ಸ್ಟೇಷನ್ನುಗಳಿಗೆ ಹೋಗಿ ಕೈಯಿಂದಲೇ ಬ್ರೇಕರುಗಳನ್ನು ಹಾಕಿ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿಸಿದರು. ಕೈಯಿಂದ ಮಾಡುವ ವಿದ್ಯೆಯನ್ನು ಮರೆಯದಿದ್ದುದು ಅವರನ್ನು ಕಾಪಾಡಿತು.

ನಮ್ಮ ದೇಶದಲ್ಲಿ

ಒಹಾಯೊದಲ್ಲಿ ಕಣ್ಣು ಕೆಟ್ಟಿತ್ತು. ಒಂಬತ್ತು ವರ್ಷಗಳ ನಂತರ ನಮ್ಮಲ್ಲಿ ಕಣ್ಣು ಚೆನ್ನಾಗಿಯೇ ಇತ್ತು, ಕಿವಿ ಕೇಳಲಿಲ್ಲ. 2012ರ ಜುಲೈ 30ರ ನಸುಕಿನ 2.33ಕ್ಕೆ ಉತ್ತರ ಭಾರತದ ಜಾಲ ಕುಸಿಯಿತು. ಸರಿಪಡಿಸಿದ ಮರುದಿನವೇ, ಜುಲೈ 31ರ ಮಧ್ಯಾಹ್ನ ಒಂದು ಗಂಟೆಗೆ ಉತ್ತರ, ಪೂರ್ವ ಮತ್ತು ಈಶಾನ್ಯ ಜಾಲಗಳು ಮೂರೂ ಕುಸಿದವು. ಸುಮಾರು 48,000 ಮೆಗಾವಾಟ್ ಹೊರೆ, 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ. ರೈಲುಗಳು ನಿಂತವು, ದೆಹಲಿಯ ಮೆಟ್ರೊ ನಿಂತಿತು. ತನಿಖಾ ಸಮಿತಿ ಹಲವು ಕಾರಣಗಳನ್ನು ಪಟ್ಟಿ ಮಾಡಿತು. ಬೀನಾ-ಗ್ವಾಲಿಯರ್ ಮಾರ್ಗದ ಮೇಲೆ ಅತಿ ಹೊರೆ ಬಿದ್ದದ್ದು ಒಂದು. ನಿಗದಿಗಿಂತ ಹೆಚ್ಚು ಎಳೆಯುತ್ತಿದ್ದ ರಾಜ್ಯಗಳಿಗೆ ಬಳಕೆ ತಗ್ಗಿಸಿ ಎಂದು ಪ್ರಾದೇಶಿಕ ಕೇಂದ್ರಗಳು ನೀಡಿದ ಸೂಚನೆಗೆ ಸಾಕಷ್ಟು ಸ್ಪಂದನೆ ಸಿಗದೇ ಹೋದದ್ದು ಇನ್ನೊಂದು. ಕಂಪ್ಯೂಟರ್ ತೋರಿಸಬಲ್ಲದು, ಎಂಜಿನಿಯರು ಹೇಳಬಲ್ಲ. ಕೇಳುವವರು ಕೇಳಬೇಕು, ಮಾಡುವವರು ಮಾಡಬೇಕು. ಇದೂ ವಿಶ್ವಾಸಾರ್ಹತೆಯ ಭಾಗವೇ.

ಆಗ ದಕ್ಷಿಣ ಭಾರತಕ್ಕೆ ಕತ್ತಲು ಬರಲಿಲ್ಲ. ನಮ್ಮ ಜಾಲ ಉಳಿದ ದೇಶದೊಂದಿಗೆ ಹೆಜ್ಜೆ ಕೂಡಿಸಿರಲಿಲ್ಲ. ನೇರ ವಿದ್ಯುತ್ತಿನ ಸೇತುವೆಗಳ ಮೂಲಕ ಮಾತ್ರ ಕೊಡುಕೊಳ್ಳುವಿಕೆ ಇತ್ತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರು ಮತ್ತು ಮಹಾರಾಷ್ಟ್ರದ ಸೋಲಾಪುರದ ನಡುವಿನ 765 ಕಿಲೋವೋಲ್ಟ್ ಮಾರ್ಗದಿಂದ ದಕ್ಷಿಣವೂ ಸೇರಿಕೊಂಡು ಇಡೀ ದೇಶ ಒಂದೇ ಜಾಲ, ಒಂದೇ ಆವರ್ತನವಾಯಿತು. ಇದರಿಂದ ಲಾಭ ದೊಡ್ಡದು, ಒಬ್ಬರ ಕೊರತೆಗೆ ಇನ್ನೊಬ್ಬರು ಆಗಬಹುದು. ಹೊಣೆಯೂ ದೊಡ್ಡದು. ಹಿಮಾಲಯದ ತಪ್ಪಲಿನ ದೋಷ ಈಗ ಬೆಂಗಳೂರಿನ ಮಾಪಕದಲ್ಲೂ ಕಾಣುತ್ತದೆ.

ಈ ಒಂದಾದ ಜಾಲಕ್ಕೆ 2020ರ ಏಪ್ರಿಲ್ 5ರ ರಾತ್ರಿ ಕಠಿಣ ಪರೀಕ್ಷೆ ಎದುರಾಯಿತು. ಕೊರೊನಾ ಕಾಲದಲ್ಲಿ ದೇಶದ ಜನ ರಾತ್ರಿ ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿದರು. 12ರಿಂದ 14 ಸಾವಿರ ಮೆಗಾವಾಟ್ ತಗ್ಗಬಹುದೆಂದು ಅಂದಾಜಿತ್ತು. ತಗ್ಗಿದ್ದು ಸುಮಾರು 31,000 ಮೆಗಾವಾಟ್! ಅಂದಾಜು ಎರಡು ಪಟ್ಟಿಗಿಂತ ಹೆಚ್ಚು ತಪ್ಪಿದರೂ ಆವರ್ತನ 49.70ರಿಂದ 50.26 ಹರ್ಟ್ಜ್‌ನ ನಡುವೆಯೇ ಉಳಿಯಿತು. ಹೇಗೆ? ಕಂಡದ್ದನ್ನು ಕಂಡಕೂಡಲೇ ಮಾಡಲು ಎಲ್ಲ ಕೇಂದ್ರಗಳೂ ಮೊದಲೇ ಸಜ್ಜಾಗಿದ್ದವು. ನಿಮಿಷಗಳಲ್ಲಿ ಏರಿಳಿಸಬಲ್ಲ ಜಲವಿದ್ಯುತ್ ಘಟಕಗಳಿಂದ ಸುಮಾರು 17,500 ಮೆಗಾವಾಟಿನಷ್ಟು ಉತ್ಪಾದನೆಯನ್ನು ಇಳಿಸಿ, ಮತ್ತೆ ಏರಿಸಿದರು. ಅಂದು ಯಾವ ಊರಿನಲ್ಲೂ ಜಾಲ ಕುಸಿದ ಸುದ್ದಿ ಬರಲಿಲ್ಲ. ಆದ್ದರಿಂದ ಅವರ ಹೆಸರೂ ಯಾರ ಬಾಯಲ್ಲೂ ಬರಲಿಲ್ಲ.

ಮುಂದಿನ ಕೆಲಸ

ಈಗ ಕೆಲಸ ಇನ್ನೂ ಸೂಕ್ಷ್ಮವಾಗುತ್ತಿದೆ. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಮೋಡ ಮುಚ್ಚಿದರೆ ಅದು ಇಳಿಯುತ್ತದೆ, ಸಂಜೆಯಾದರೆ ಪೂರ್ತಿ ನಿಲ್ಲುತ್ತದೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ ಹೊತ್ತುತ್ತದೆ. ಆ ಸಂಧಿಕಾಲವನ್ನು ದಾಟಿಸಲು ಶರಾವತಿಯ ನೀರಿನಷ್ಟೇ ನಂಬಿಕೆಯ ಮಾಹಿತಿಯೂ ಬೇಕು. ಎಂಜಿನಿಯರಿಂಗ್ ಎಂದರೆ ಕಂಪ್ಯೂಟರ್ ಕಂಪನಿಯ ಉದ್ಯೋಗ ಎಂದಷ್ಟೇ ತಿಳಿಯುವ ಪೋಷಕರು ಈ ಕ್ಷೇತ್ರವನ್ನೂ ಮಕ್ಕಳಿಗೆ ಪರಿಚಯಿಸಬೇಕು. ವಿದ್ಯುತ್, ತಂತ್ರಾಂಶ, ಗಣಿತ ಮೂರೂ ಕೂಡುವ ಜಾಗ ಇದು. ಜೊತೆಗೆ, ಪಾಳಿಯ ಮೇಲೆ ನಿದ್ದೆಗೆಟ್ಟು ಕೂರುವ ಸಹನೆಯೂ ಬೇಕು.

ವಿದ್ಯಾರ್ಥಿಗಳು ಇಂದಿನಿಂದಲೇ ಕಲಿಯಬಹುದಾದದ್ದೂ ಇದೆ. ಪ್ರಯೋಗಶಾಲೆಯಲ್ಲಿ ವೋಲ್ಟ್‌ಮೀಟರಿನ ಮುಳ್ಳು ಸೊನ್ನೆಯಲ್ಲಿದ್ದರೆ ‘ವಿದ್ಯುತ್ ಇಲ್ಲ’ ಎಂದು ಬರೆದು ಮುಗಿಸಬೇಡಿ. ಮೀಟರನ್ನೇ ಒಂದು ಒಳ್ಳೆಯ ಸೆಲ್‌ಗೆ ಜೋಡಿಸಿ ಮುಳ್ಳು ಅಲುಗುತ್ತದೆಯೇ ನೋಡಿ. ಅಲುಗಿದ ಮೇಲೆಯೇ ಸೊನ್ನೆಯನ್ನು ನಂಬಿ, ಪಕ್ಕದಲ್ಲಿ ಸಮಯವನ್ನೂ ಬರೆಯಿರಿ. ಜೊತೆಗಾರ ನಿಮ್ಮ ಅಳತೆಗೆ ವಿರುದ್ಧವಾದದ್ದನ್ನು ಹೇಳಿದರೆ ಅವನ ಮೀಟರನ್ನು ಬೈಯುವ ಮೊದಲು ನಿಮ್ಮದನ್ನು ಇನ್ನೊಮ್ಮೆ ಪರೀಕ್ಷಿಸಿ. ಒಹಾಯೊದ ಆ ಕೊಠಡಿಯಲ್ಲಿ 2 ಗಂಟೆ 32 ನಿಮಿಷಕ್ಕೆ ನೆರೆಯವರ ಫೋನ್ ಬಂದಾಗ ಇಷ್ಟು ಮಾಡಿದ್ದರೆ, ಕತ್ತಲು ಕವಿಯಲು ಇನ್ನೂ ಒಂದೂವರೆ ಗಂಟೆಗಿಂತ ಹೆಚ್ಚು ಸಮಯ ಅವರ ಕೈಯಲ್ಲಿರುತ್ತಿತ್ತು.